ಟಾಟಾ ಏಸ್ ಬೆನ್ನ ಮೇಲೊಂದು ಮಡಚುವ ಮನೆ: ನಂಬಿಕೆ ಯಾವುದು, ನಿಜ ಯಾವುದು

ಜಗಳೂರು ಸೀಮೆಯ ರಸ್ತೆಗಳಲ್ಲಿ ಈಗ ಎತ್ತಿನ ಬಂಡಿಗಿಂತ ಟಾಟಾ ಏಸ್‌ಗಳೇ ಹೆಚ್ಚು. 2005ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಗಾಡಿ ಮೆಕ್ಕೆಜೋಳ, ಈರುಳ್ಳಿ, ಕುರಿ, ಶಾಮಿಯಾನದ ಕಂಬ ಎಲ್ಲವನ್ನೂ ಹೊತ್ತಿದೆ. ಅದರ ಹಿಂಭಾಗದಲ್ಲಿ ಮೇಲೆತ್ತಿದರೆ ಮನೆ, ಇಳಿಸಿದರೆ ಪೆಟ್ಟಿಗೆ ಆಗುವಂಥ ಗೂಡು ಕಟ್ಟಿಕೊಂಡು ಊರೂರು ತಿರುಗಬೇಕೆಂಬ ಆಸೆ ಇತ್ತೀಚೆಗೆ ಹುಡುಗರಲ್ಲಿ ಹುಟ್ಟಿದೆ. ಆಸೆ ಒಳ್ಳೆಯದೇ. ಆದರೆ ವೆಲ್ಡಿಂಗ್ ಅಂಗಡಿಯ ಮುಂದೆ ಇದರ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಬಹಳಷ್ಟು ತಪ್ಪು. ಕೆಲವಂತೂ ಜೀವಕ್ಕೇ ಎರವಾಗುವಂಥವು.

“ಇದೆಲ್ಲ ಫಾರಿನ್ನಿನವರ ಶೋಕಿ” ಎಂಬುದು ಮೊದಲ ಮಾತು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ, ಕೊಟ್ಟೂರ ತೇರಿಗೆ ನಮ್ಮ ಅಜ್ಜಂದಿರು ಹೋಗುತ್ತಿದ್ದದ್ದು ಕಮಾನು ಕಟ್ಟಿದ ಬಂಡಿಯಲ್ಲಿ. ಬಿದಿರ ಬಿಲ್ಲು ಬಾಗಿಸಿ, ಮೇಲೆ ತಟ್ಟಿಯೋ ಗುಡಾರವೋ ಹೊದಿಸಿ, ಕೆಳಗೆ ಹುಲ್ಲು ಹಾಸಿದರೆ ಅದೇ ಮನೆ. ಜಾತ್ರೆ ಮುಗಿದ ಮೇಲೆ ಕಮಾನು ಬಿಚ್ಚಿ ಅಟ್ಟಕ್ಕೇರಿಸಿ, ಮರುದಿನ ಅದೇ ಬಂಡಿಗೆ ಗೊಬ್ಬರ ತುಂಬುತ್ತಿದ್ದರು. ಹಗುರ, ಬಿಚ್ಚಲು ಬರುವಂಥದ್ದು, ದುಡಿಮೆಯ ಗಾಡಿಯನ್ನು ಕೆಡಿಸದಂಥದ್ದು. ಇಂದು ಏಸ್ ಮೇಲೆ ಕಟ್ಟುವ ಗೂಡಿಗೂ ಬೇಕಾದ ಗುಣಗಳು ಇವೇ ಮೂರು.

“ಏಳೂವರೆ ಕ್ವಿಂಟಲ್ ಹೊರುವ ಗಾಡಿ, ಎಷ್ಟು ಗಟ್ಟಿಯಾಗಿ ಕಟ್ಟಿದರೂ ತಡೆಯುತ್ತದೆ.” ಹೆಚ್ಚಿನವರು ಎಡವುವುದು ಇಲ್ಲಿ. ಏಸ್‌ನ ಹೊರುವ ಶಕ್ತಿ 750 ಕಿಲೋ ಆಸುಪಾಸು ಎಂಬುದು ನಿಜ. ಆದರೆ ಮೆಕ್ಕೆಜೋಳದ ಚೀಲ ಗಾಡಿಯ ತಳಕ್ಕೆ ಅಂಟಿಕೊಂಡು ಕೂರುತ್ತದೆ, ಆರಡಿ ಎತ್ತರದ ಪೆಟ್ಟಿಗೆಯ ಭಾರ ಮೇಲಕ್ಕೆ ಏರುತ್ತದೆ. ಭಾರದ ನಡುಬಿಂದು ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ಸುಮಾರು ಏಳಡಿ ಉದ್ದ, ಐದಡಿ ಅಗಲದ ತೊಟ್ಟಿಯ ಮೇಲೆ ಆರಡಿ ಎತ್ತರದ ಮುಚ್ಚಿದ ಪೆಟ್ಟಿಗೆ ಕಟ್ಟಲು ಎಂಟು-ನಾಲ್ಕರ ಪ್ಲೈವುಡ್ ಹಾಳೆ ಏಳಾದರೂ ಬೇಕು. 18 ಮಿಲಿಮೀಟರ್ ದಪ್ಪದ ಒಂದು ಹಾಳೆಯೇ 35 ಕಿಲೋ ಹತ್ತಿರ ತೂಗುತ್ತದೆ. ಅಲ್ಲಿಗೇ 245 ಕಿಲೋ, ಅದಕ್ಕೆ ಕಬ್ಬಿಣದ ಆ್ಯಂಗಲ್ ಚೌಕಟ್ಟು ಸೇರಿಸಿ. ಆಮೇಲೆ ಇಬ್ಬರು ಜನ, ಹಾಸಿಗೆ, ಒಲೆ, ಬ್ಯಾಟರಿ. 40 ಲೀಟರ್ ನೀರಿಗೇ ಇನ್ನೂ 40 ಕಿಲೋ. ಲೆಕ್ಕ ಎಲ್ಲಿಗೆ ಹೋಗುತ್ತದೆ ನೋಡಿ.

ಗೋಡೆಯನ್ನು ಮೂರಡಿಗೆ ನಿಲ್ಲಿಸಿ, ಮೇಲಿನ ಭಾಗವನ್ನು ಕ್ಯಾನ್ವಾಸ್ ಮಾಡಿ, ಮೇಲೆತ್ತುವ ಚಾವಣಿ ಕೂರಿಸಿದರೆ ಗೋಡೆಗಳಲ್ಲಿ ಗಟ್ಟಿ ಹಲಗೆ ಬೇಕಾಗುವ ಜಾಗ ಅರ್ಧಕ್ಕಿಳಿಯುತ್ತದೆ. ಇಳಿಸಿದಾಗ ಚಾವಣಿ ಕ್ಯಾಬಿನ್‌ಗಿಂತ ಹೆಚ್ಚೇನೂ ಎದ್ದು ನಿಲ್ಲುವುದಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ, ಗಂಟೆಗೆ 40ರಿಂದ 80 ಕಿಲೋಮೀಟರಿಗೆ ಹೋದರೆ ಅದು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಮೇಲೆತ್ತುವ ಚಾವಣಿ ಡೀಸೆಲ್ ಉಳಿಸುವುದು ಹೀಗೆ. ಊಹೆಗೆ ಬಿಡಬೇಡಿ: ಮೆಕ್ಕೆಜೋಳ ತೂಗುವ ವೇ ಬ್ರಿಡ್ಜಿಗೆ ಖಾಲಿ ಗಾಡಿಯನ್ನೊಮ್ಮೆ, ಗೂಡು-ಜನ-ನೀರು ಸಮೇತ ಇನ್ನೊಮ್ಮೆ ಹತ್ತಿಸಿ, ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದೊಂದಿಗೆ ತಾಳೆ ನೋಡಿ.

“ಥರ್ಮಾಕೋಲ್ ಗೋಡೆಯೇ? ಬೆರಳಿಟ್ಟರೆ ಮುರಿಯುತ್ತದೆ!” ಬರೀ ಥರ್ಮಾಕೋಲ್ ಮುರಿಯುತ್ತದೆ, ಒಪ್ಪೋಣ. ಅದರ ಎರಡೂ ಮೈಗೆ ತೆಳು ಹಲಗೆ ಅಂಟಿಸಿದಾಗ ಕಥೆ ಬೇರೆ. ಹಲಗೆ ಬಾಗುವಾಗ ಒಂದು ಮೈ ಹಿಗ್ಗಬೇಕು, ಇನ್ನೊಂದು ಕುಗ್ಗಬೇಕು. ನಡುವೆ ಇರುವ ವಸ್ತುವಿನ ಮೇಲೆ ಅಂಥ ಎಳೆತವಿಲ್ಲ, ಎರಡು ಮೈಗಳನ್ನು ದೂರ ಹಿಡಿದಿಡುವುದಷ್ಟೇ ಅದರ ಕೆಲಸ. ಆ ದೂರ ಇಮ್ಮಡಿಯಾದರೆ ಬಾಗದೆ ನಿಲ್ಲುವ ಶಕ್ತಿ ಸುಮಾರು ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. 4 ಮಿಲಿಮೀಟರಿನ ಎರಡು ಪ್ಲೈ, ನಡುವೆ 40 ಮಿಲಿಮೀಟರ್ ಥರ್ಮಾಕೋಲ್ ಸೇರಿದರೆ ಚದರ ಮೀಟರಿಗೆ ಆರು-ಆರೂವರೆ ಕಿಲೋ. ಅಂಚಿನ ಮರ, ಕ್ಯಾನ್ವಾಸ್, ಕೀಲು ಎಲ್ಲ ಸೇರಿ ಇಡೀ ಗೂಡನ್ನು 100 ಕಿಲೋ ಆಸುಪಾಸಿನಲ್ಲಿ ಮುಗಿಸಬಹುದು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸೊಗಸೆನಿಸುವುದು ಇದೇ: ಎರಡು ದುರ್ಬಲ ವಸ್ತುಗಳು ಸರಿಯಾಗಿ ಅಂಟಿಕೊಂಡರೆ ಹುಟ್ಟುವ ಬಲ.

ಅಂಟಿನ ಆಯ್ಕೆಯಲ್ಲಿ ಎಚ್ಚರ ಬೇಕು. ಪೆಟ್ರೋಲಿನಂಥ ವಾಸನೆಯ ರಬ್ಬರ್ ಅಂಟು ಥರ್ಮಾಕೋಲನ್ನು ಕಣ್ಣೆದುರೇ ಕರಗಿಸುತ್ತದೆ. ಫೈಬರ್ ಕೆಲಸದವರು ಬಳಸುವ ಪಾಲಿಯೆಸ್ಟರ್ ರೆಸಿನ್ ಕೂಡ ಹಾಗೆಯೇ. ಪಿಯು ಅಂಟು ಅಥವಾ ಎಪಾಕ್ಸಿ ಆಗುತ್ತದೆ. ಕೀಲು, ಚಿಲಕ, ಬೋಲ್ಟ್ ಬರುವ ಕಡೆಯಲ್ಲೆಲ್ಲ ಮೊದಲೇ ಮರದ ತುಂಡು ಕೂರಿಸಿಡಬೇಕು. ಥರ್ಮಾಕೋಲ್‌ಗೆ ಸ್ಕ್ರೂ ಕಚ್ಚುವುದಿಲ್ಲ.

“ದಪ್ಪ ಗೋಡೆ ಇದ್ದರೆ ಬೇಸಿಗೆಯಲ್ಲೂ ತಂಪು” ಎಂಬುದು ಅರ್ಧ ಸತ್ಯ. ಗೋಡೆ ಬಿಸಿಯನ್ನು ತಡಮಾಡುತ್ತದೆ, ತಂಪು ಹುಟ್ಟಿಸುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ನಿಂತ ಗೂಡನ್ನು ಕಾಪಾಡುವುದು ಬಿಳಿ ಬಣ್ಣದ ಚಾವಣಿ, ಹುಣಸೆಮರದ ನೆರಳು, ಸಂಜೆ ನಾಲ್ಕೂ ಕಡೆ ತೆರೆಯುವ ಕ್ಯಾನ್ವಾಸ್.

“ಚಾವಣಿ ಎತ್ತಲು ಹೈಡ್ರಾಲಿಕ್ ಜ್ಯಾಕ್ ಬೇಕು.” 25-30 ಕಿಲೋ ಚಾವಣಿಗೆ ಬೇಡ. ಒಳಗೆ ನಿಂತು ಒಂದು ತುದಿ ಮೊದಲು, ಇನ್ನೊಂದು ತುದಿ ಆಮೇಲೆ ಎತ್ತಿದರೆ ಅರ್ಧ ಭಾರವಷ್ಟೇ ಕೈಗೆ. ಎರಡೂ ತುದಿಯಲ್ಲಿ ಕೂರಿಸಿದ ಮಡಚುವ ಹಲಗೆಗಳು ನೆಟ್ಟಗೆ ನಿಂತು ಚಾವಣಿಯನ್ನು ಹೊರುತ್ತವೆ. ಕಾರಿನ ಡಿಕ್ಕಿಯ ಗ್ಯಾಸ್ ಸ್ಟ್ರಟ್ ನೆರವಾದೀತು, ಆದರೆ ಅಗತ್ಯಕ್ಕಿಂತ ಬಲದ್ದು ಹಾಕಿದರೆ ಚಾವಣಿ ಇಳಿಯಲೊಲ್ಲದು. ಎತ್ತುವುದಕ್ಕಿಂತ ಹಿಡಿದಿಡುವುದೇ ಇಲ್ಲಿ ಮುಖ್ಯ. ಆಷಾಢದ ಗಾಳಿ ಈ ಬಯಲಲ್ಲಿ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಚದರ ಮೀಟರಿಗೆ 12 ಕಿಲೋದಷ್ಟು ಒತ್ತುತ್ತದೆ, ಮೂರು ಚದರ ಮೀಟರಿಗೂ ಮೀರಿದ ಹಗುರ ಚಾವಣಿಯನ್ನು ಅಡಿಯಿಂದ ಎತ್ತಿ ಒಗೆಯಲು ಅಷ್ಟು ಸಾಕು. ನಾಲ್ಕು ಮೂಲೆಗೂ ತೊಟ್ಟಿಗೆ ಬಿಗಿಯುವ ಪಟ್ಟಿ ಇರಲಿ. ಓಡುವಾಗ ಬೀಗ ಬೇರೆಯೇ ಇರಲಿ.

“ಸ್ವಂತ ಗಾಡಿ, ಏನು ಬೇಕಾದರೂ ಮಾಡಬಹುದು.” ಆಗದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವೇ ಇದೆ. ಹೀಗಾಗಿ ಚಾಸಿಗೆ ಬೆಸೆಯದೆ, ತೊಟ್ಟಿಯೊಳಗೆ ಕೂತು ಬಿಗಿದು, ಬೇಡವಾದಾಗ ಇಳಿಸುವ ಗೂಡು ಬುದ್ಧಿವಂತಿಕೆಯ ದಾರಿ. ಆದರೂ ದುಡ್ಡು ಸುರಿಯುವ ಮೊದಲು ದಾವಣಗೆರೆಯ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಬರಹದಲ್ಲಿ ಕೇಳಿಕೊಳ್ಳಿ. ಗಾಡಿ ಓಡುವಾಗ ಹಿಂದಿನ ಗೂಡಲ್ಲಿ ಯಾರೂ ಇರಕೂಡದು, ಮಕ್ಕಳಂತೂ ಖಂಡಿತ ಬೇಡ. ಸರಕು ಗಾಡಿಯ ಹಿಂದೆ ಜನ ತುಂಬಿದ್ದರೆ ಅಪಘಾತವಾದ ದಿನ ವಿಮೆಯೂ ಕೈಕೊಟ್ಟೀತು. ಲೈಸೆನ್ಸ್ ವಿಷಯದಲ್ಲಿ ಮಾತ್ರ ಭಯ ಬೇಡ: 7,500 ಕಿಲೋವರೆಗಿನ ಸರಕು ವಾಹನಕ್ಕೆ ಎಲ್‌ಎಂವಿ ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಹೇಳಿದೆ.

“ಚಳಿಗೆ ಒಳಗೇ ಇದ್ದಿಲ ಸಿಗಡಿ ಇಟ್ಟರೆ ಬೆಚ್ಚಗೆ.” ಇದನ್ನು ದಯವಿಟ್ಟು ಯಾರೂ ನಂಬಬೇಡಿ. ಇದ್ದಿಲು ಹೊಗೆ ಕಾಣದಂತೆ ಉರಿದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಅಡುಗೆ ಅನಿಲವೂ ಗಾಳಿಗಿಂತ ಭಾರ, ಸೋರಿದರೆ ತಳದಲ್ಲಿ ಮಡುಗಟ್ಟುತ್ತದೆ. ಥರ್ಮಾಕೋಲ್ ಬೆಂಕಿಗೆ ಬೇಗ ಸಿಗುವ ವಸ್ತು. ಒಲೆ ಹೊರಗೇ ಹಚ್ಚಿ, ಹೊದ್ದುಕೊಳ್ಳಲು ಒಳ್ಳೆಯ ಕಂಬಳಿ ಇಟ್ಟುಕೊಳ್ಳಿ. ಕಂಬಳಿಗೆ ಈ ಸೀಮೆಯಲ್ಲಿ ಬರವಿಲ್ಲ.

“ಗಾಡಿಯೇ ಮನೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು” ಎಂಬುದು ಜಗಳೂರಲ್ಲಿ ವಿಶೇಷವಾಗಿ ತಪ್ಪು. ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡಕುರಿಗಾಗಿ ವನ್ಯಧಾಮವಾದ ಕಾಡು. ನಾಲ್ಕು ಕೊಂಬಿನ ಆ ಪುಟ್ಟ, ನಾಚಿಕೆಯ ಪ್ರಾಣಿ ಹೆಚ್ಚಾಗಿ ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಪೊದೆಗಳ ಮರೆಯಲ್ಲಿ ಬದುಕುತ್ತದೆ, ದೀಪಕ್ಕೂ ಹಾಡಿಗೂ ಬೆದರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ, ರಾತ್ರಿ ತಂಗುವುದಂತೂ ದೂರದ ಮಾತು. ಕೊಡದಗುಡ್ಡದ ವೀರಭದ್ರನ ಸನ್ನಿಧಿಯಂಥ ಕಡೆ ದೇವಸ್ಥಾನದವರನ್ನು, ಹೊಲದಂಚಿನಲ್ಲಾದರೆ ಹೊಲದ ಯಜಮಾನರನ್ನು ಕೇಳಿ, ಕತ್ತಲಾಗುವ ಮೊದಲೇ ಗಾಡಿ ನಿಲ್ಲಿಸಿ ಚಾವಣಿ ಎತ್ತಿ.