ಓದೂಮುಂದ ತಿಳೀತೈತಿ, ಪೇಪರ್ ಮುಂದ ಹೊಳಿಯಂಗಿಲ್ಲ!

ಮೊದಲ ಸೆಮಿಸ್ಟರ್ ಪರೀಕ್ಷೆಯ ಟೈಮ್‌ಟೇಬಲ್ ಬಂತೆಂದರೆ ನಮ್ಮ ಹಾಸ್ಟೆಲಿನಲ್ಲಿ ಯಾರದು ಫಿಸಿಕ್ಸ್ ಕಾಂಬಿನೇಷನ್ ಎಂದು ಮುಖ ನೋಡಿಯೇ ಹೇಳಿಬಿಡಬಹುದು. ಬಾಟನಿಯವರು ನೋಟ್ಸ್ ಹಿಡಿದು ಬಾಯಿಪಾಠ ಮಾಡುತ್ತಾ ಕಾರಿಡಾರಿನ ಉದ್ದಕ್ಕೂ ಓಡಾಡುತ್ತಿರುತ್ತಾರೆ. ಫಿಸಿಕ್ಸ್‌ನವರು ಪುಸ್ತಕ ತೆರೆದಿಟ್ಟುಕೊಂಡು ಗೋಡೆ ನೋಡುತ್ತಿರುತ್ತಾರೆ. ಧಾರವಾಡದಲ್ಲಿ ಎಂ.ಎಸ್ಸಿ. ಫಿಸಿಕ್ಸ್ ಓದುತ್ತಿರುವ ನನ್ನ ರೂಮಿಗೆ ಎರಡು ವರ್ಷಗಳಿಂದ ಬಿ.ಎಸ್ಸಿ. ಹುಡುಗಿಯರು ಲೆಕ್ಕ ಕೇಳಲು ಬರುತ್ತಾರೆ. ಊರು ಬೇರೆ, ಕಾಲೇಜು ಬೇರೆ, ದೂರು ಮಾತ್ರ ಒಂದೇ: "ಅಕ್ಕಾರ, ಓದೂಮುಂದ ಎಲ್ಲಾ ತಿಳೀತೈತ್ರಿ. ಪೇಪರ್ ಮುಂದ ಕುಂತ್ರ ಒಂದೂ ಹೊಳಿಯಂಗಿಲ್ಲ."

ಈ ದೂರಿನಲ್ಲಿ ಸುಳ್ಳೇನೂ ಇಲ್ಲ. ಪುಸ್ತಕದಲ್ಲಿ ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಒಂದು ಸಾಲಿನಿಂದ ಮುಂದಿನ ಸಾಲು ಹೇಗೆ ಬಂತು ಎಂಬುದಷ್ಟೇ ನಮಗೆ ತಿಳಿಯಬೇಕು, ಅದು ತಿಳಿಯುತ್ತದೆ. ಆದರೆ ಮೊದಲ ಸಾಲು ಯಾವುದಿರಬೇಕು, ಇಲ್ಲಿ ನ್ಯೂಟನ್ನನ ನಿಯಮ ಹಿಡಿಯಬೇಕೋ ಶಕ್ತಿಯ ಸಂರಕ್ಷಣೆ ಹಿಡಿಯಬೇಕೋ ಎಂಬ ನಿರ್ಧಾರವನ್ನು ಪುಸ್ತಕ ಬರೆದವರು ಮೊದಲೇ ಮಾಡಿಬಿಟ್ಟಿರುತ್ತಾರೆ. ಪರೀಕ್ಷೆಯಲ್ಲಿ ನಮ್ಮಿಂದ ಕೇಳುವುದು ಆ ನಿರ್ಧಾರವನ್ನೇ. ಅವ್ವ ರೊಟ್ಟಿ ಬಡಿಯುವುದನ್ನು ಹತ್ತು ವರ್ಷ ಪಕ್ಕದಲ್ಲೇ ಕೂತು ನೋಡಿದರೂ ನಾವು ಹಿಟ್ಟಿಗೆ ಕೈ ಹಾಕಿದ ದಿನ ಅಂಚು ಒಡೆಯುತ್ತದಲ್ಲ, ಹಾಗೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವರೂ ಇದ್ದಾರೆ. ಅಮೆರಿಕದ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನವದು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು. ಉಳಿದವರಿಗೆ ಪಾಠ ಪಕ್ಕಕ್ಕಿಟ್ಟು ನೆನಪಾದದ್ದನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ನೋಡಿದರೆ ಮುಚ್ಚಿಟ್ಟು ಬರೆದವರು ಮುಂದು. ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ತನಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಜಾಸ್ತಿ ಇದ್ದದ್ದು ಮತ್ತೆ ಮತ್ತೆ ಓದಿದವರಲ್ಲೇ! ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಹರಡಿಕೊಂಡಿರುವ ಧೈರ್ಯವೂ ಬಹುಪಾಲು ಇದೇ ಜಾತಿಯದು.

ನವಲಗುಂದದ ಕಡೆಯ ಒಬ್ಬ ಹುಡುಗಿ ಹೋದ ವರ್ಷ ನನ್ನ ಹತ್ತಿರ ಬಂದಾಗ ಅವಳಿಗೆ ಮೆಕ್ಯಾನಿಕ್ಸ್ ಬ್ಯಾಕ್ ಉಳಿದಿತ್ತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಅಕ್ಕ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಇನ್ನೊಂದು ಸಲ ಫೇಲಾದರೆ ಇವಳನ್ನೂ ಅಲ್ಲಿಗೇ ಕಳಿಸುವುದೆಂದು ಮನೆಯಲ್ಲಿ ಮಾತಾಗಿತ್ತು. "ಫಿಸಿಕ್ಸ್ ನನಗ ಒಗ್ಗಂಗಿಲ್ರಿ" ಎಂದು ಅವಳೂ ಒಪ್ಪಿಕೊಂಡುಬಿಟ್ಟಿದ್ದಳು. ಅವಳ ನೋಟ್‌ಬುಕ್ ನೋಡಿದೆ. ನಲವತ್ತಕ್ಕೂ ಹೆಚ್ಚು ಲೆಕ್ಕಗಳು, ಉತ್ತರಕ್ಕೆಲ್ಲ ಕೆಂಪು ಪೆನ್ನಿನ ಚೌಕ, ಮುತ್ತಿನಂಥ ಅಕ್ಷರ. ಸೋಮಾರಿ ಎನ್ನುವ ಹಾಗೇ ಇಲ್ಲ.

ನೋಟ್‌ಬುಕ್ ಮುಚ್ಚಿ ಅದರೊಳಗಿನದೇ ಒಂದು ಲೆಕ್ಕ ಕೊಟ್ಟೆ. 30 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ 5 ಕಿಲೋ ತೂಗುವ ಮರದ ತುಂಡು, ಘರ್ಷಣಾಂಕ 0.2, ವೇಗೋತ್ಕರ್ಷ ಎಷ್ಟು? 'ಗಿವನ್' ಎಂದು ಬರೆದು ಮೂರೂ ಅಂಕಿ ಇಳಿಸಿಕೊಂಡಳು, ಅಲ್ಲಿಗೆ ಪೆನ್ನು ನಿಂತಿತು. ಅಂದಿನಿಂದ ನಾವು ಹಿಡಿದ ದಾರಿ ತೀರಾ ಸಾದಾ. ದಿನಕ್ಕೆ ಮೂರೇ ಲೆಕ್ಕ, ಖಾಲಿ ಹಾಳೆಯಲ್ಲಿ. ಸಿಕ್ಕಿಕೊಂಡರೆ ಉತ್ತರದ ಒಂದು ಸಾಲು ಮಾತ್ರ ನೋಡಿ ಮತ್ತೆ ಮುಚ್ಚುವುದು. ಮರುದಿನ ಅದೇ ಲೆಕ್ಕ ಇನ್ನೊಮ್ಮೆ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ಜೊತೆಗೆ, ಎಲ್ಲಿ ಸಿಕ್ಕಿಕೊಂಡೆ ಎಂಬುದನ್ನು ಹಾಳೆಯ ಅಂಚಿನಲ್ಲಿ ಕನ್ನಡದಲ್ಲೇ ಬರೆದಿಡುವುದು.

ಎರಡು ವಾರದ ಮೇಲೆ ಆ ಅಂಚಿನ ಬರಹಗಳನ್ನು ಒಟ್ಟು ಮಾಡಿ ನೋಡಿದೆವು. ಹತ್ತರಲ್ಲಿ ಎಂಟು ಕಡೆ ಒಂದೇ ಮಾತು: "ಬಲಗಳ ಚಿತ್ರ ಬರಲಿಲ್ಲ." ಕ್ಯಾಲ್ಕುಲಸ್ ಅಲ್ಲ, ಸೂತ್ರ ಮರೆತದ್ದೂ ಅಲ್ಲ. ಒಂದು ವಸ್ತುವನ್ನು ಬೇರೆ ಮಾಡಿ ಅದರ ಮೇಲೆ ಯಾವ ಯಾವ ಬಲ ಯಾವ ದಿಕ್ಕಿಗಿದೆ ಎಂದು ಬಾಣ ಹಾಕುವುದು, ಅಂದರೆ ಫ್ರೀ ಬಾಡಿ ಡಯಾಗ್ರಾಮ್. 'ಫಿಸಿಕ್ಸ್ ಒಗ್ಗುವುದಿಲ್ಲ' ಎಂಬ ಬೆಟ್ಟದಂಥ ಮಾತು ನಾಲ್ಕೈದು ಸಂಜೆಯಲ್ಲಿ ರಿಪೇರಿಯಾಗುವ ಒಂದು ಕೆಲಸಕ್ಕೆ ಇಳಿಯಿತು. ಆ ಸಂಜೆಗಳಲ್ಲಿ ಉತ್ತರದ ಗೊಡವೆಗೇ ಹೋಗದೆ ಬರೀ ಬಾಣ ಹಾಕಿದೆವು. ಭೂಮಿ ಎಳೆಯುತ್ತದೆ: ಕೆಳಕ್ಕೊಂದು ಬಾಣ. ಹಲಗೆ ತಳ್ಳುತ್ತದೆ: ಹಲಗೆಗೆ ಲಂಬವಾಗಿ ಒಂದು. ಘರ್ಷಣೆ ತಡೆಯುತ್ತದೆ: ಇಳಿಜಾರಿನ ಗುಂಟ ಮೇಲಕ್ಕೊಂದು. ಮುಗಿಯಿತು, ನಾಲ್ಕನೆಯದಿಲ್ಲ. ಬಾಣ ಸರಿಯಾದ ಮೇಲೆ ಉತ್ತರ ತಾನಾಗಿ ಬರುತ್ತದೆ, ಸೆಕೆಂಡ್ ಸ್ಕ್ವೇರ್‌ಗೆ 3.2 ಮೀಟರ್. ಆ 5 ಕಿಲೋ ಎಲ್ಲೂ ಬೇಕಾಗಲೇ ಇಲ್ಲ ಎಂದು ಅವಳೇ ಬೆರಗಾದಳು. ದ್ರವ್ಯರಾಶಿ ಎರಡೂ ಕಡೆಯಿಂದ ಹಾರಿಹೋಗುತ್ತದೆ. ಕೊಟ್ಟ ಅಂಕಿಯನ್ನೆಲ್ಲ ಎಲ್ಲಾದರೂ ತುರುಕಲೇಬೇಕು ಎಂಬ ಹೈಸ್ಕೂಲಿನ ಅಭ್ಯಾಸ ಕಾಲೇಜಿನಲ್ಲಿ ಹೀಗೆ ಕೈಕೊಡುತ್ತದೆ.

ಅವಳು ಬ್ಯಾಕ್ ಕಟ್ಟಿ ಪಾಸಾದಳು. ಅಂಕ ಪೇಪರಿನಲ್ಲಿ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಕಾಲೇಜಿನಲ್ಲೇ ಇದ್ದಾಳೆ, ಈಗ ಮೂರನೇ ಸೆಮಿಸ್ಟರ್.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಮಾತು ಹೇಳಬೇಕು. ನಮಗೆ ತೊಡಕಾಗುವ ಇಂಗ್ಲಿಷ್ ಅಷ್ಟೊಂದು ದೊಡ್ಡದೇನಲ್ಲ, ಮೆಕ್ಯಾನಿಕ್ಸ್ ಲೆಕ್ಕಗಳಲ್ಲಿ ಮೂವತ್ತು ನಲವತ್ತು ಮಾತುಗಳೇ ತಿರುಗಿ ತಿರುಗಿ ಬರುತ್ತವೆ. 'ಸ್ಮೂತ್' ಎಂದರೆ ನುಣುಪು ಎಂದಷ್ಟೇ ಅಲ್ಲ, ಘರ್ಷಣೆ ಸೊನ್ನೆ ಎಂದು ಓದಿಕೊಳ್ಳಬೇಕು. 'ಅಟ್ ರೆಸ್ಟ್' ಎಂದರೆ ಆರಂಭದ ವೇಗ ಸೊನ್ನೆ. 'ಜಸ್ಟ್ ಬಿಗಿನ್ಸ್ ಟು ಸ್ಲೈಡ್' ಎಂದರೆ ಘರ್ಷಣೆ ತನ್ನ ಗರಿಷ್ಠ ಮಟ್ಟ ಮುಟ್ಟಿದೆ. 'ಇನ್‌ಎಕ್ಸ್‌ಟೆನ್ಸಿಬಲ್' ಎಂದರೆ ದಾರ ಹಿಗ್ಗುವುದಿಲ್ಲ, ಹಾಗಾಗಿ ಅದರ ಎರಡು ತುದಿಗೆ ಕಟ್ಟಿದ ವಸ್ತುಗಳ ವೇಗೋತ್ಕರ್ಷದ ಪ್ರಮಾಣ ಒಂದೇ. 'ಲೈಟ್ ಸ್ಟ್ರಿಂಗ್' ಎಂಬುದನ್ನು ಒಬ್ಬಳು ಬೆಳಕಿನ ದಾರ ಎಂದುಕೊಂಡು ಆಪ್ಟಿಕ್ಸ್ ಪುಸ್ತಕ ತೆಗೆದು ಕೂತಿದ್ದಳು. ನಕ್ಕೆವು ನಿಜ, ಆದರೆ ದಾರದ ತೂಕ ಲೆಕ್ಕಕ್ಕಿಲ್ಲ ಎಂಬ ಅರ್ಥವನ್ನು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಇಂಥ ಮಾತುಗಳ ಒಂದು ಪಟ್ಟಿ ಮಾಡಿ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಅಂಟಿಸಿಕೊಂಡರೆ ಅರ್ಧ ಭಯ ಹೋಗುತ್ತದೆ. ನಮ್ಮಲ್ಲಿ ಇರುವ ಬಂಡವಾಳವನ್ನೂ ಮರೆಯಬಾರದು. ಜವ ಬೇರೆ ವೇಗ ಬೇರೆ, ವೇಗಕ್ಕೆ ದಿಕ್ಕಿದೆ ಎಂದು ಕನ್ನಡ ಪಠ್ಯದಲ್ಲೇ ಕಲಿತು ಬಂದಿದ್ದೇವೆ. ಲೆಕ್ಕವನ್ನು ಕನ್ನಡದಲ್ಲಿ ಯೋಚಿಸಿ, ಚಿತ್ರ ಬರೆದು, ಆಮೇಲೆ ಇಂಗ್ಲಿಷಿನಲ್ಲಿ ಬರೆದರೆ ಯಾರೂ ಅಂಕ ಕಡಿಯುವುದಿಲ್ಲ.

ಲೆಕ್ಕ ಬಂದ ಮಾತ್ರಕ್ಕೆ ವಿಷಯ ಬಂತು ಎಂದೂ ಅಲ್ಲ. ಲಾರಿಯೊಂದು ಸ್ಕೂಟರಿಗೆ ಗುದ್ದಿತು. ಲಾರಿ ಸ್ಕೂಟರಿನ ಮೇಲೆ ಹಾಕಿದ ಬಲ ದೊಡ್ಡದೋ, ಸ್ಕೂಟರ್ ಲಾರಿಯ ಮೇಲೆ ಹಾಕಿದ್ದು ದೊಡ್ಡದೋ? ನ್ಯೂಟನ್ನನ ಮೂರನೇ ನಿಯಮವನ್ನು ಗಿಳಿಪಾಠ ಒಪ್ಪಿಸಿದವರೂ ಈ ಪ್ರಶ್ನೆಗೆ 'ಲಾರಿಯದು' ಎನ್ನುತ್ತಾರೆ. ಬಲಗಳು ಸಮ. ಸ್ಕೂಟರಿನ ದ್ರವ್ಯರಾಶಿ ಕಡಿಮೆ, ಆದ್ದರಿಂದ ಅದರ ವೇಗ ಬದಲಾಗುವುದು ಹೆಚ್ಚು, ಪೆಟ್ಟೂ ಹೆಚ್ಚು. ಇಂಥದೇ ಪ್ರಶ್ನೆಗಳ ಒಂದು ಪರೀಕ್ಷೆಯನ್ನು ಅಮೆರಿಕದ ಹೆಸ್ಟೀನಿಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು, ಹೆಸರು 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ'. ಹಾರ್ವರ್ಡಿನ ಎರಿಕ್ ಮಜೂರ್ ಇದೇ ಬಗೆಯ ಪ್ರಶ್ನೆಗಳನ್ನು ತನ್ನ ವಿದ್ಯಾರ್ಥಿಗಳಿಗೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಎದ್ದು, ಇದಕ್ಕೆ ನೀವು ಕಲಿಸಿದ ಹಾಗೆ ಉತ್ತರ ಬರೆಯಬೇಕೋ ಅಥವಾ ನಾನು ಯೋಚಿಸುವ ಹಾಗೆ ಬರೆಯಬೇಕೋ ಎಂದು ಕೇಳಿದಳಂತೆ. ಹಾರ್ವರ್ಡಿನವರ ಕಥೆಯೇ ಹೀಗಿರುವಾಗ ನಾವು ಅಷ್ಟೊಂದು ಕುಗ್ಗಬೇಕಾಗಿಲ್ಲ. ಆ ಘಟನೆಯ ನಂತರ ಮಜೂರ್ ತರಗತಿಯಲ್ಲಿ ವಿದ್ಯಾರ್ಥಿಗಳೇ ಪಕ್ಕದವರೊಂದಿಗೆ ವಾದ ಮಾಡಿ ಉತ್ತರ ಹುಡುಕುವ ಪದ್ಧತಿ ತಂದರು. ಹಾಸ್ಟೆಲಿನಲ್ಲಿ ಇದಕ್ಕೆ ಖರ್ಚಿಲ್ಲ. ಮೇಲಕ್ಕೆಸೆದ ಚೆಂಡು ತುತ್ತತುದಿಯಲ್ಲಿದ್ದಾಗ ವೇಗೋತ್ಕರ್ಷ ಎಷ್ಟು ಎಂದು ಮೆಸ್ಸಿನಲ್ಲಿ ಕೇಳಿ ನೋಡಿ. ಸೊನ್ನೆ ಎನ್ನುವವರು ಒಂದು ಗುಂಪು, 9.8 ಎನ್ನುವವರು ಇನ್ನೊಂದು ಗುಂಪು ಆಗಿ ಸಾರು ಆರಿಹೋಗುತ್ತದೆ. (ಸೊನ್ನೆಯಾಗುವುದು ವೇಗ ಮಾತ್ರ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ 9.8.)

ಡಿರೈವೇಷನ್‌ಗಳ ವಿಷಯಕ್ಕೆ ಬಂದರೆ, ಸಾಲು ಸಾಲಾಗಿ ಉರು ಹೊಡೆಯುವುದಕ್ಕಿಂತ ಚಿತ್ರ, ಮುಖ್ಯ ಉಪಾಯ, ಕೊನೆಯ ಸೂತ್ರ ಇಷ್ಟನ್ನು ನೆನಪಿಟ್ಟು ನಡುವಿನದನ್ನು ಕೈಯಿಂದ ಬರಿಸುವುದು ಹಗುರ. ಘನ ಗೋಲದ ಮೊಮೆಂಟ್ ಆಫ್ ಇನರ್ಷಿಯಾಗೆ ಉಪಾಯ ಒಂದೇ: ಗೋಲವನ್ನು ಈರುಳ್ಳಿ ಬಿಲ್ಲೆಗಳ ಹಾಗೆ ತೆಳುವಾಗಿ ಕೊಯ್ದು, ಒಂದೊಂದು ಬಿಲ್ಲೆಯನ್ನೂ ಡಿಸ್ಕ್ ಎಂದು ಹಿಡಿದು ಕೂಡಿಸುವುದು. ಆಗ ಡಿಸ್ಕಿನ 1/2 ಗೋಲಕ್ಕೆ 2/5 ಆಗಿ ಬರುತ್ತದೆ. ಈ ಅಂಕಿಗಳಿಂದ ಏನು ಉಪಯೋಗ ಎಂದು ಕೇಳಿದವರಿಗೆ ನಾವು ಒಂದು ಆಟ ತೋರಿಸಿದೆವು. ಮಂಚದ ಹಲಗೆಯನ್ನು ಒಂದು ಕಡೆ ಎತ್ತಿಟ್ಟು ಗೋಲಿ, ನಾಣ್ಯ, ಗಾಜಿನ ಬಳೆ ಮೂರನ್ನೂ ಒಟ್ಟಿಗೆ ಉರುಳಿ ಬಿಡುವುದು. ಮೊದಲು ಗೋಲಿ, ಆಮೇಲೆ ನಾಣ್ಯ, ಕೊನೆಗೆ ಬಳೆ. ಜಾರದೆ ಉರುಳಿದರೆ ಯಾವಾಗ ಬಿಟ್ಟರೂ ಇದೇ ಕ್ರಮ. ದೊಡ್ಡ ಬಳೆ, ಸಣ್ಣ ಬಳೆ, ಭಾರದ ಗೋಲಿ, ಹಗುರ ಗೋಲಿ, ಏನು ಬದಲಿಸಿದರೂ ವ್ಯತ್ಯಾಸವಿಲ್ಲ. ಬಳೆಯ ದ್ರವ್ಯವೆಲ್ಲ ಅಂಚಿನಲ್ಲಿರುವುದರಿಂದ ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಹೋಗುತ್ತದೆ, ಮುಂದೆ ಓಡಲು ಕಡಿಮೆ ಉಳಿಯುತ್ತದೆ. ಲೆಕ್ಕದ ಪ್ರಕಾರ ಗೋಲಿ ತುದಿ ಮುಟ್ಟಿದಾಗ ಬಳೆ ದಾರಿಯ ಹತ್ತರಲ್ಲಿ ಏಳು ಭಾಗವನ್ನಷ್ಟೇ ದಾಟಿರುತ್ತದೆ. ಎರಡು ಬಳೆ ಒಡೆದವು, ಆದರೆ ಆ ಸೂತ್ರವನ್ನು ಆಮೇಲೆ ಯಾರೂ ಮರೆಯಲಿಲ್ಲ.

ಸೂತ್ರ ಮರೆತೇ ಹೋದಾಗ ಕೈಹಿಡಿಯುವುದು ಡೈಮೆನ್ಷನ್. ಲೋಲಕದ ಸೂತ್ರದಲ್ಲಿ ಉದ್ದ ಮೇಲೋ ಜಿ ಮೇಲೋ ಎಂಬ ಅನುಮಾನ ಬಂದರೆ ಉತ್ತರ ಸೆಕೆಂಡಿನಲ್ಲಿ ಬರಬೇಕಲ್ಲ ಎಂದು ನೋಡಿ, ತಾನಾಗಿ ಉದ್ದ ಮೇಲೆ ಹೋಗುತ್ತದೆ. ಬೀಗದ ಕೈಗೆ ಒಂದು ಮೀಟರ್ ದಾರ ಕಟ್ಟಿ ತೂಗಿಬಿಟ್ಟರೆ ಹೋಗಿಬರಲು ಎರಡು ಸೆಕೆಂಡ್ ಹಿಡಿಯುತ್ತದೆ, ಸೂತ್ರವೂ ಅದನ್ನೇ ಹೇಳುತ್ತದೆ. ಪ್ರಾಕ್ಟಿಕಲ್‌ನಲ್ಲಿ ಜಿ 9.8 ಬರಲಿಲ್ಲವೆಂದು ರೀಡಿಂಗ್ ತಿದ್ದುವ ಕಲೆ ನಮ್ಮಲ್ಲಿ ಬಹಳ ಬೆಳೆದಿದೆ. ಆಂದೋಲನದ ಕಾಲದಲ್ಲಿ ಶೇ 1ರಷ್ಟು ವ್ಯತ್ಯಾಸವಾದರೆ ಜಿ ಬೆಲೆಯಲ್ಲಿ ಸುಮಾರು ಶೇ 2ರಷ್ಟಾಗುತ್ತದೆ, ಅಂದರೆ 9.6 ಬಂದರೂ ನಾಚಿಕೊಳ್ಳುವಂಥದ್ದೇನಿಲ್ಲ. ವೈವಾದಲ್ಲಿ ಇಷ್ಟು ಹೇಳಿದರೆ ತಿದ್ದಿದ 9.8ಕ್ಕಿಂತ ಹೆಚ್ಚು ಬೆಲೆ.

'ಇಂಪಾರ್ಟೆಂಟ್ ಕ್ವೆಶ್ಚನ್ಸ್' ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಪಿಡಿಎಫ್‌ಗಳನ್ನು ನಾನು ಬೈಯುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ನೋಡದೆ ಪರೀಕ್ಷೆಗೆ ಹೋಗುವುದೂ ಜಾಣತನವಲ್ಲ. ಆದರೆ ಪಾಸಿಂಗ್ ಪ್ಯಾಕೇಜ್ ನಂಬಿ ಆರು ಸೆಮಿಸ್ಟರ್ ದಾಟಿದವರು ಮುಂದೆ ಐಐಟಿಗಳ ಜಾಮ್ ಪರೀಕ್ಷೆಗೆ ಕೂತಾಗ ಕಷ್ಟವಾಗುತ್ತದೆ. ಅಲ್ಲಿ 3 ಗಂಟೆಯಲ್ಲಿ 60 ಪ್ರಶ್ನೆ, 100 ಅಂಕ. ಅದರಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಬಂದ ಸಂಖ್ಯೆಯನ್ನು ನಾವೇ ಟೈಪ್ ಮಾಡಬೇಕು. ಶಿಕ್ಷಕರ ನೇಮಕಾತಿಗೆ ಓದುತ್ತಿರುವ ನಮ್ಮ ಸೀನಿಯರ್‌ಗಳು ಈಗ ಮತ್ತೆ ಮೊದಲ ಸೆಮಿಸ್ಟರ್ ಪುಸ್ತಕ ಹುಡುಕುತ್ತಿದ್ದಾರೆ. ಎಚ್.ಸಿ. ವರ್ಮಾ ಅವರ ಎರಡು ಸಂಪುಟ ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಲೆಕ್ಕಗಳಿಗೂ ಮೊದಲು ಬರುವ ಸಣ್ಣ ಪ್ರಶ್ನೆಗಳೇ ಅದರ ಜೀವ. ಸ್ವಯಂ, ಎನ್‌ಪಿಟಿಇಎಲ್ ಪಾಠಗಳನ್ನು ಉಚಿತವಾಗಿ ನೋಡಬಹುದು. ನೋಡುವಾಗ ಪಾಠ ಹೇಳುವವರು ಲೆಕ್ಕ ಬಿಡಿಸಲು ಹೊರಟ ಕ್ಷಣದಲ್ಲೇ ವಿಡಿಯೊ ನಿಲ್ಲಿಸಿ, ಮೊದಲು ನೀವು ಬಿಡಿಸಿ.

ಪರೀಕ್ಷೆಯ ಹಾಲ್‌ನಲ್ಲಿ ಚಿತ್ರ, ಸೂತ್ರ, ಬೆಲೆ ಹಾಕಿದ್ದು, ಯುನಿಟ್ ಎಲ್ಲ ಬಿಡಿಬಿಡಿಯಾಗಿ ಕಾಣುವಂತೆ ಬರೆಯಿರಿ. ಉತ್ತರ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ. ಒಳಗೆ ಹೋಗುವ ಮುಂಚೆ ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ ನೋಡಿ. 0.5 ಬರಬೇಕು. ಮೈನಸ್ 0.988 ಬಂದರೆ ಅದು ರೇಡಿಯನ್‌ನಲ್ಲಿದೆ ಎಂದರ್ಥ, ಅದರಲ್ಲಿ ಲೆಕ್ಕ ಮಾಡಿದರೆ ಇಳಿಜಾರಿನ ಮರದ ತುಂಡು ಮೇಲಕ್ಕೆ ಓಡುತ್ತದೆ. ಕಳೆದ ಸಲ ಪರೀಕ್ಷೆಯ ದಿನ ಬೆಳಿಗ್ಗೆ ಹಾಸ್ಟೆಲ್ ಗೇಟಿನ ಹತ್ತಿರ ಏಳು ಜನರದನ್ನು ಇಸಿದುಕೊಂಡು ಒತ್ತಿ ನೋಡಿದೆ. ಎರಡು ರೇಡಿಯನ್‌ನಲ್ಲಿದ್ದವು.