ಒತ್ತಿದರೂ ದ್ರವವಾಗದ ಅನಿಲ

ರಾಸಾಯನಿಕ ಗುಣದಲ್ಲಿ ಅನಿಲಗಳು ಎಷ್ಟೇ ಬೇರೆಬೇರೆಯಾಗಿದ್ದರೂ ಒತ್ತಡ ಮತ್ತು ಉಷ್ಣತೆಗಳ ಬದಲಾವಣೆಗೆ ಅವು ತೋರುವ ವರ್ತನೆ ಬಹುಮಟ್ಟಿಗೆ ಒಂದೇ. ಹೊತ್ತಿ ಉರಿಯುವ ಹೈಡ್ರೋಜನ್‌ಗೂ ಯಾವುದರೊಡನೆಯೂ ಸುಲಭವಾಗಿ ಕೂಡದ ಹೀಲಿಯಂಗೂ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅನಿಲದ ಅಣುಗಳು ತಮ್ಮ ಗಾತ್ರಕ್ಕೆ ಹೋಲಿಸಿದರೆ ಒಂದಕ್ಕೊಂದು ಬಹುದೂರದಲ್ಲಿದ್ದು, ಎಡೆಬಿಡದೆ ಎಲ್ಲ ದಿಕ್ಕುಗಳಿಗೂ ಚಲಿಸುತ್ತ ಪಾತ್ರೆಯ ಗೋಡೆಗೆ ಬಡಿಯುತ್ತಿರುತ್ತವೆ. ಈ ಬಡಿತಗಳ ಒಟ್ಟು ಪರಿಣಾಮವೇ ಒತ್ತಡ. ಅಷ್ಟು ದೂರದಲ್ಲಿರುವಾಗ ಅಣು ಯಾವ ಜಾತಿಯದೆಂಬುದು ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ.

ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಒಂದು ತುದಿ ಗಿಡ್ಡವಾಗಿ ಮುಚ್ಚಿದ್ದು, ಇನ್ನೊಂದು ತುದಿ ಉದ್ದವಾಗಿ ತೆರೆದಿರುವ ಬಾಗಿದ ಗಾಜಿನ ಕೊಳವೆಗೆ ಪಾದರಸವನ್ನು ಸುರಿಯುತ್ತ ಹೋದಾಗ, ಎರಡು ಕಡೆಯ ಮಟ್ಟಗಳ ಅಂತರ ಸುಮಾರು 29 ಅಂಗುಲವಾದಲ್ಲಿಗೆ, ಅಂದರೆ ವಾತಾವರಣದ ಒತ್ತಡದಷ್ಟೇ ಇನ್ನೊಂದು ಒತ್ತಡ ಸೇರಿದಲ್ಲಿಗೆ, ಒಳಗೆ ಸಿಕ್ಕಿಬಿದ್ದ ಗಾಳಿಯ ಗಾತ್ರ ಅರ್ಧಕ್ಕಿಳಿದಿತ್ತು. ಒತ್ತಡ ಬದಲಾಗದಂತೆ ಕಾಯಿಸಿದರೆ ಎಲ್ಲ ಅನಿಲಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆಂಬುದನ್ನು 1802ರಲ್ಲಿ ಪ್ರಕಟಿಸಿದವನು ಗೇ-ಲುಸಾಕ್. ತನಗಿಂತ ಮೊದಲೇ ಇದನ್ನು ಕಂಡು ಪ್ರಕಟಿಸದೆ ಬಿಟ್ಟಿದ್ದ ಷಾರ್ಲ್‌ನ ಹೆಸರನ್ನು ಅವನೇ ಹೇಳಿದ್ದರಿಂದ ನಿಯಮ ಷಾರ್ಲ್‌ನದಾಯಿತು.

ಆದರೆ ಬಲವಾಗಿ ಒತ್ತಿ ಅಣುಗಳನ್ನು ಹತ್ತಿರ ತಂದಾಗ ಈ ಸಮಾನತೆ ಉಳಿಯುವುದಿಲ್ಲ, ಮತ್ತು ಅನಿಲಗಳ ನಿಜವಾದ ಸ್ವಾರಸ್ಯವಿರುವುದು ಇಲ್ಲಿಯೇ. ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರ್ಯೂಸ್ ಕಾರ್ಬನ್ ಡೈಆಕ್ಸೈಡನ್ನು ಬೇರೆಬೇರೆ ಉಷ್ಣತೆಗಳಲ್ಲಿ ಒತ್ತಿ, 1869ರಲ್ಲಿ ತನ್ನ ಫಲಿತಾಂಶಗಳನ್ನು ಮುಂದಿಟ್ಟನು. ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಒಂದು ಹಂತದ ಅನಂತರ ಒತ್ತಡ ಏರುವುದು ನಿಂತು ಗಾತ್ರವಷ್ಟೇ ಕುಗ್ಗುತ್ತ, ಕೊಳವೆಯಲ್ಲಿ ದ್ರವ ಶೇಖರವಾಗಿ, ಅದಕ್ಕೂ ಅನಿಲಕ್ಕೂ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದಕ್ಕಿಂತ ಮೇಲೆ ಎಷ್ಟು ಒತ್ತಿದರೂ ಆ ಗೆರೆ ಮೂಡುತ್ತಿರಲಿಲ್ಲ. ಅಣುಗಳ ಪರಸ್ಪರ ಆಕರ್ಷಣೆ ಅವುಗಳ ಚಲನೆಯ ಬಿರುಸಿಗೆ ಸೋಲುವ ಈ ಮಿತಿಗೆ ಕ್ರಾಂತಿಕ ಉಷ್ಣತೆಯೆಂದು ಹೆಸರು. ಆಕರ್ಷಣೆಯನ್ನೂ ಅಣುಗಳ ಗಾತ್ರವನ್ನೂ ಸಮೀಕರಣದೊಳಗೆ ತಂದ ವಾನ್ ಡರ್ ವಾಲ್ಸ್‌ಗೆ 1910ರಲ್ಲಿ ನೊಬೆಲ್ ದೊರೆಯಿತು.

ಅಡುಗೆಮನೆಯ ಸಿಲಿಂಡರ್ ಸಾಧ್ಯವಾಗಿರುವುದೂ ಈ ಮಿತಿಯ ದೆಸೆಯಿಂದಲೇ. ಪ್ರೊಪೇನ್‌ನ ಕ್ರಾಂತಿಕ ಉಷ್ಣತೆ ಸುಮಾರು 97 ಡಿಗ್ರಿ, ಬ್ಯೂಟೇನ್‌ನದು ಸುಮಾರು 152 ಡಿಗ್ರಿ ಆಗಿರುವುದರಿಂದ ಅವೆರಡೂ ಸಾಮಾನ್ಯ ಉಷ್ಣತೆಯಲ್ಲಿ ಸಾಧಾರಣ ಒತ್ತಡಕ್ಕೇ ದ್ರವವಾಗಿ, 14.2 ಕಿಲೋಗ್ರಾಂ ಇಂಧನ ಒಂದು ಸಿಲಿಂಡರಿನಲ್ಲಿ ಹಿಡಿಸುತ್ತದೆ. ಸಿಎನ್‌ಜಿಯ ಮುಖ್ಯ ಅಂಶವಾದ ಮೀಥೇನ್‌ನ ಮಿತಿ ಸೊನ್ನೆಗಿಂತ 82 ಡಿಗ್ರಿಗೂ ಹೆಚ್ಚು ಕೆಳಗಿರುವುದರಿಂದ, ವಾತಾವರಣದ ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿದರೂ ಅದು ವಾಹನದ ಟ್ಯಾಂಕಿನಲ್ಲಿ ಅನಿಲವಾಗಿಯೇ ಇರುತ್ತದೆ. ಆದಕಾರಣ ಸಿಎನ್‌ಜಿ ಖರ್ಚಾದಂತೆ ಒತ್ತಡಮಾಪಕದ ಮುಳ್ಳು ಇಳಿಯುತ್ತ ಬರುತ್ತದೆ. ಅಡುಗೆ ಸಿಲಿಂಡರಿನಲ್ಲಾದರೋ ದ್ರವ ಉಳಿದಿರುವವರೆಗೂ ಒತ್ತಡವನ್ನು ಬಹುಪಾಲು ಉಷ್ಣತೆಯೇ ನಿರ್ಧರಿಸುವುದರಿಂದ, ಒಳಗೆ ಎಷ್ಟು ಉಳಿದಿದೆಯೆಂದು ತಿಳಿಯಲು ಅದನ್ನು ತೂಗಿಯೇ ನೋಡಬೇಕಾಗುತ್ತದೆ.