ಹನ್ನೆರಡು ಸಾವಿರದ ಕಂಬಿ, ಎರಡೂವರೆ ಸಾವಿರದ ಕಂಬಿ: ಆಗುಂಬೆ ತಿರುವಿಗೆ ವ್ಯತ್ಯಾಸ ಗೊತ್ತಾಗುತ್ತಾ?

ಶಿವಮೊಗ್ಗ: ಸಂಜೆ ಹೊತ್ತು ಕಾರಿನ ಸಾಮಾನು ಮಾರುವ ಯಾವ ಅಂಗಡಿ ಮುಂದೆ ನಿಂತರೂ ಈ ಮಾತುಕತೆ ಕಿವಿಗೆ ಬೀಳುತ್ತೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಇನ್ನೂ ತಿಂಗಳಾಗದ ಹುಡುಗ. ಕೌಂಟರಿನ ಮೇಲೆ ಎರಡು ಕಂಬಿ. ಒಂದು ಕಪ್ಪು, ಇನ್ನೊಂದಕ್ಕೆ ಮಿರಮಿರ ಮಿಂಚುವ ಕೆಂಪು ಬಣ್ಣ, ಮೇಲೊಂದು ಇಂಗ್ಲಿಷ್ ಹೆಸರು.

"ಅಣ್ಣ, ಇದೆಷ್ಟು?"

"ಅದು ಲೋಕಲ್ಲು. ಎರಡೂವರೆ ಕೊಡು. ಈ ಕಡೆದು ಫಾರಿನ್ ಮಾಲು, ಹನ್ನೆರಡು."

"ಎರಡಕ್ಕೂ ಏನಣ್ಣ ವ್ಯತ್ಯಾಸ?"

"ಬ್ರ್ಯಾಂಡು ಮಾರಾಯ, ಬ್ರ್ಯಾಂಡು!"

ಅಲ್ಲಿಗೆ ಮಾತು ಮುಗೀತು. ಬ್ರ್ಯಾಂಡು ಅಂದ ಮೇಲೂ ಪ್ರಶ್ನೆ ಕೇಳುವವನು ಹಳ್ಳಿ ಗಮಾರ ಅನ್ನಿಸಿಕೊಳ್ಳುತ್ತಾನೆ. ಆದರೆ ಕೇಳಲೇಬೇಕಾದ ಪ್ರಶ್ನೆ ಅದು. ಒಂಬತ್ತೂವರೆ ಸಾವಿರದ ಅಂತರ ಕಾಸಿನ ಮಾತು ಮಾತ್ರ ಅಲ್ಲ. ಈ ಕಂಬಿ ನಂಬಿಕೊಂಡು ಘಾಟಿ ಇಳಿಯುವವನ ಎದುರಿಗೆ ಬರುವ ಮಿನಿ ಬಸ್ಸಿನಲ್ಲಿ ಕೂತವರಿಗೂ ಅದು ಸಂಬಂಧಪಟ್ಟದ್ದು.

ಕಂಬಿ ಮಾಡುವ ಕೆಲಸ ಏನು?

ಇದರ ಹೆಸರು ಸ್ಟ್ರಟ್ ಬಾರ್. ಬಾನೆಟ್ ಎತ್ತಿದರೆ ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು ಗುಮ್ಮಟದಂಥ ಜಾಗ ಕಾಣುತ್ತೆ. ಮುಂದಿನ ಚಕ್ರಗಳ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಬಂದು ಮೇಲೆ ಕೂರುವುದು ಅಲ್ಲೇ. ಈ ಎರಡು ಗುಮ್ಮಟಗಳ ನಡುವೆ ಅಡ್ಡಲಾಗಿ ಬೋಲ್ಟು ಹಾಕಿ ಕೂರಿಸುವ ಕಂಬಿಯೇ ಸ್ಟ್ರಟ್ ಬಾರ್. ಕಾರಿನ ಹೊಟ್ಟೆಯ ಕೆಳಗೆ ಹಾಕುವ ಕಂಬಿಗಳೂ ಇವೆ. ಎಲ್ಲಕ್ಕೂ ಸೇರಿಸಿ ಚಾಸಿ ಬ್ರೇಸ್ ಅನ್ನುವ ಹೆಸರಿದೆ.

ಲಾರಿಗೆ, ಹಳೇ ಜೀಪಿಗೆ ಏಣಿಯಂಥ ಗಟ್ಟಿ ಚಾಸಿ ಇರುತ್ತೆ. ಅದರ ಮೇಲೆ ಬಾಡಿ ಕೂರುತ್ತೆ. ಆದರೆ 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಆಗಲಿ, ಆಮೇಲೆ ಬಂದ ಸಣ್ಣ ಕಾರುಗಳಾಗಲಿ, ಹಾಗಿಲ್ಲ. ಅವಕ್ಕೆ ಬೇರೆ ಚಾಸಿಯೇ ಇಲ್ಲ. ಮಡಚಿ ಬೆಸೆದ ತಗಡಿನ ಪೆಟ್ಟಿಗೆಯೇ ಚಾಸಿ, ಅದೇ ಬಾಡಿ. ಸ್ಪ್ರಿಂಗನ್ನು ನೇರವಾಗಿ ಬಾಡಿಯ ಗುಮ್ಮಟಕ್ಕೆ ಕೂರಿಸುವ ಈ ಪದ್ಧತಿಗೆ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರೇ ಉಳಿದಿದೆ. ಇವತ್ತಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಹೆಚ್ಚಾಗಿ ಇರುವುದು ಇದೇ.

ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸ್ಕತ್ತಿನ ರಟ್ಟಿನ ಡಬ್ಬ ನೋಡಿ. ಮುಚ್ಚಳ ತೆರೆದಿದ್ದರೆ ಎತ್ತುವಾಗ ಪಕ್ಕಗಳು ಅಗಲವಾಗುತ್ತವೆ, ಡಬ್ಬ ಸೊಟ್ಟಗಾಗುತ್ತೆ. ಬಾಯಿಗೆ ಅಡ್ಡಲಾಗಿ ಬಿಗಿಯಾಗಿ ದಾರ ಕಟ್ಟಿ, ಪಕ್ಕಗಳು ಅಲ್ಲೇ ನಿಲ್ಲುತ್ತವೆ. ದಾರ ಬರೀ ಎಳೆತ ತಡೆಯುತ್ತೆ, ಕಂಬಿ ಒತ್ತಡವನ್ನೂ ತಡೆಯುತ್ತೆ. ಅಷ್ಟೇ ವ್ಯತ್ಯಾಸ. ಈಗ ಹೇಳಿ, ದಾರ ಯಾವ ಕಂಪನಿದು ಅಂತ ಯಾರಾದರೂ ಕೇಳುತ್ತಾರಾ? ಬಿಗಿಯಾಗಿದೆಯಾ, ಗಂಟು ಸರಿಯಾಗಿದೆಯಾ, ಅಷ್ಟು ನೋಡುತ್ತಾರೆ.

ಭದ್ರಾವತಿ ಹೇಳುವ ಪಾಠ

ದುಬಾರಿ ಕಂಬಿಯ ಡಬ್ಬದ ಮೇಲೆ ಹೈ ಟೆನ್ಸೈಲ್ ಸ್ಟೀಲ್ ಅಂತ ದಪ್ಪಕ್ಷರದಲ್ಲಿ ಬರೆದಿರುವುದುಂಟು. ಅಂದರೆ ವಿಶೇಷ ಉಕ್ಕು. ಉಕ್ಕಿನ ವಿಷಯ ಈ ಜಿಲ್ಲೆಗೆ ಹೊಸದಲ್ಲ. ವಿಶೇಷ ಉಕ್ಕಿಗೆ ಹೆಸರು ಮಾಡಿದ ಭದ್ರಾವತಿಯ ಕಾರ್ಖಾನೆಯಲ್ಲಿ, ಇಲ್ಲಿನ ಫೌಂಡ್ರಿಗಳಲ್ಲಿ ಬೆವರು ಸುರಿಸಿದವರು ಮನೆಮನೆಯಲ್ಲಿದ್ದಾರೆ. ಐಟಿಐ ಓದಿದ ಹುಡುಗರಿಗೂ ಗೊತ್ತಿರುವ ಸಂಗತಿ ಒಂದಿದೆ. ಉಕ್ಕು ಮುರಿಯದಿರುವ ಗುಣ ಬೇರೆ, ಮಣಿಯದಿರುವ ಗುಣ ಬೇರೆ.

ವಿಶೇಷ ಉಕ್ಕು ಸಾದಾ ಉಕ್ಕಿಗಿಂತ ಹೆಚ್ಚು ಭಾರ ಹೊತ್ತರೂ ಮುರಿಯದು, ಶಾಶ್ವತವಾಗಿ ಸೊಟ್ಟಗಾಗದು. ಸರಿ. ಆದರೆ ಭಾರ ಬಿದ್ದ ಕ್ಷಣ ಎಷ್ಟು ಮಣಿಯುತ್ತೆ ಅನ್ನುವುದು ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಈ ಗುಣವನ್ನು ಅಳೆಯುವ ಯಂಗ್ಸ್ ಮಾಡ್ಯುಲಸ್ ಅನ್ನುವ ಲೆಕ್ಕ ಸಾದಾ ಉಕ್ಕಿಗೂ ಸುಮಾರು 200 ಗಿಗಾಪ್ಯಾಸ್ಕಲ್, ವಿಶೇಷ ಉಕ್ಕಿಗೂ ಸುಮಾರು ಅಷ್ಟೇ. ಸ್ಟ್ರಟ್ ಬಾರ್ ಮಾಡಬೇಕಾದ್ದು ಮುರಿಯದೆ ಇರುವುದಲ್ಲ, ಮಣಿಯದೆ ಇರುವುದು. ಅಲ್ಲಿಗೆ ವಿಶೇಷ ಉಕ್ಕಿಗೆ ಕೊಟ್ಟ ವಿಶೇಷ ದುಡ್ಡು ಎಲ್ಲಿ ಹೋಯಿತು?

ಅಲ್ಯೂಮಿನಿಯಂ ಕಂಬಿ ಇನ್ನೂ ದುಬಾರಿ. ಹಗುರ, ನೋಡಲು ಚೆಂದ. ಆದರೆ ಅದರ ಲೆಕ್ಕ ಸುಮಾರು 70 ಮಾತ್ರ. ಅದೇ ಅಳತೆಯ ಉಕ್ಕಿನ ಕಂಬಿಗಿಂತ ಮೂರು ಪಟ್ಟು ಹೆಚ್ಚು ಮಣಿಯುತ್ತೆ. ಅದನ್ನು ಸರಿದೂಗಿಸಲು ಕಂಬಿ ದಪ್ಪಗಿರಬೇಕು. ದಪ್ಪ ಮಾಡದೆ ಬರೀ ಬಣ್ಣ ಬಳಿದಿದ್ದರೆ ಜಾಸ್ತಿ ದುಡ್ಡು ಕೊಟ್ಟು ಕಮ್ಮಿ ಕೆಲಸ ಕೊಂಡಂತೆ.

ನೆಟ್ಟಗಿದ್ದರೆ ರಾಜ, ಬಾಗಿದರೆ ಕೂಜ

ಹೆಸರಿಗಿಂತ ದೊಡ್ಡ ವಿಷಯ ಆಕಾರ. ಇದಕ್ಕೊಂದು ಲೆಕ್ಕ ಇಲ್ಲಿದೆ. ಹೊರಗಿನ ಅಗಲ 25 ಮಿಲಿಮೀಟರ್, ಗೋಡೆ ದಪ್ಪ 2 ಮಿಲಿಮೀಟರ್, ಉದ್ದ ಒಂದು ಮೀಟರ್ ಇರುವ ಉಕ್ಕಿನ ಪೈಪು ತಗೊಳ್ಳಿ. ಪೂರ್ತಿ ನೆಟ್ಟಗಿದ್ದು, ಎರಡು ತುದಿಯಿಂದ 300 ಕೆ.ಜಿ. ಭಾರದಷ್ಟು ಒತ್ತಿದರೆ ಅದು ಕುಗ್ಗುವುದು ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಕೂದಲೆಳೆ ದಪ್ಪ.

ಅದೇ ಪೈಪನ್ನು ಎಂಜಿನ್ನಿಗೆ ತಾಗಬಾರದು ಅಂತ ತುದಿಯಲ್ಲೇ ಬಾಗಿಸಿ, ಉಳಿದ ಉದ್ದಕ್ಕೂ 50 ಮಿಲಿಮೀಟರ್, ಅಂದರೆ ಎರಡಿಂಚು ಮೇಲೆ ಎತ್ತಿದ್ದಾರೆ ಅನ್ನಿ. ತುದಿಗಳು ತಿರುಗುವ ಕೀಲಿನ ಮೇಲಿವೆ ಅನ್ನಿ. ಅದೇ 300 ಕೆ.ಜಿ. ಒತ್ತಡಕ್ಕೆ ತುದಿಗಳು ಸುಮಾರು 4 ಮಿಲಿಮೀಟರ್ ಹತ್ತಿರ ಬರುತ್ತವೆ. ಹೆಚ್ಚುಕಮ್ಮಿ 40 ಪಟ್ಟು! ಡಬ್ಬದ ಬಾಯಿಗೆ ದಾರ ಸಡಿಲ ಬಿಟ್ಟು ಕಟ್ಟಿದ ಹಾಗೆ.

ಬಾಗಿದ ಕಂಬಿ ದುಬಾರಿ ಹೆಸರಿನಲ್ಲೂ ಬರುತ್ತೆ, ಅಗ್ಗದ್ದರಲ್ಲೂ ಬರುತ್ತೆ. ನೆಟ್ಟಗಿರುವುದೂ ಹಾಗೇ. ಎಂಜಿನ್ನು ಅಡ್ಡ ಬರುವ ಕಾರಿಗೆ ಬಾಗಿಸದೆ ವಿಧಿಯಿಲ್ಲ, ಆಗ ಪೈಪು ದಪ್ಪಗಿರಬೇಕು, ತುದಿ ಅಲ್ಲಾಡದಂತಿರಬೇಕು. ಇದು ಬೆಲೆ ಚೀಟಿ ನೋಡಿದರೆ ತಿಳಿಯುವುದಿಲ್ಲ, ಕಂಬಿಯನ್ನೇ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಬೇಕು. ಬಡಗಿ ರೀಪು ನೋಡುವುದಿಲ್ಲವೇ, ಒಂದು ಕಣ್ಣು ಮುಚ್ಚಿ? ಹಾಗೆ.

ದುಬಾರಿಯದು ಎಲ್ಲಿ ಗೆಲ್ಲುತ್ತೆ?

ಹಾಗಂತ ಹೆಸರುಳ್ಳ ಕಂಪನಿಗಳೆಲ್ಲ ಮೋಸ ಅಂತಲ್ಲ. ಜಪಾನಿನ ಕಸ್ಕೊ, ಮಲೇಷ್ಯಾದ ಅಲ್ಟ್ರಾ ರೇಸಿಂಗ್‌ನಂಥವರು ಒಂದೊಂದು ಮಾಡೆಲ್ ಕಾರಿಗೆ ಬೇರೆ ಬೇರೆ ಅಳತೆ ಹಿಡಿದು ಮಾಡುತ್ತಾರೆ. ಇಂಥ ಕಂಬಿಯಲ್ಲಿ ಬೋಲ್ಟಿನ ತೂತು ಕೂತಲ್ಲೇ ಕೂರುತ್ತೆ. ಎಲ್ಲ ಕಾರಿಗೂ ಆಗುತ್ತೆ ಅಂತ ಮಾರುವ ಅಗ್ಗದ ಕಂಬಿಯಲ್ಲಿ ತೂತು ಎರಡು ಮಿಲಿಮೀಟರ್ ಆಚೀಚೆ ಆದರೆ, ಫೈಲು ಹಾಕಿ ತೂತು ಅಗಲ ಮಾಡಿ ಕೂರಿಸುತ್ತಾರೆ. ಅಗಲವಾದ ತೂತಿನಲ್ಲಿ ಬೋಲ್ಟು ಜರುಗುತ್ತೆ. ಬೋಲ್ಟು ಜರುಗಿದ ಮೇಲೆ ಕಂಬಿ ಇದ್ದೂ ಇಲ್ಲ. ಟಕ್ ಟಕ್ ಸದ್ದು ಮಾತ್ರ ಬೋನಸ್ಸು.

ಎರಡನೆಯದು ತುದಿಯ ಪಟ್ಟಿ. ತೆಳ್ಳಗಿನ ತಗಡಾದರೆ ಪೈಪು ಎಷ್ಟು ಗಟ್ಟಿಯಿದ್ದರೂ ತಗಡು ಮಣಿಯುತ್ತೆ. ಮೂರನೆಯದು ವೆಲ್ಡಿಂಗು. ನಾಲ್ಕನೆಯದು ಬಣ್ಣ. ಮಲೆನಾಡಿನ ಮಳೆಗೆ ಕಳಪೆ ಬಣ್ಣ ಎರಡು ಮಳೆಗಾಲ ತಡೆಯುವುದೂ ಕಷ್ಟ. ಈ ನಾಲ್ಕರಲ್ಲಿ ದುಬಾರಿ ಮಾಲು ಸಾಮಾನ್ಯವಾಗಿ ಮುಂದಿರುತ್ತೆ. ಆದರೆ ಇದೇ ನಾಲ್ಕನ್ನು ಸರಿಯಾಗಿ ಮಾಡಿದ ಎರಡೂವರೆ ಸಾವಿರದ ಕಂಬಿ ಸಿಕ್ಕರೆ, ಅದು ಯಾವುದರಲ್ಲೂ ಹಿಂದೆ ಬೀಳಬೇಕಾಗಿಲ್ಲ. ಬ್ರ್ಯಾಂಡಿನ ಗೆಲುವು ಅಳತೆಯಲ್ಲಿ, ಉಕ್ಕಿನಲ್ಲಲ್ಲ.

ಇನ್ನು ಹೆಸರಿನ ಸ್ಟಿಕ್ಕರ್ ಅಂಟಿಸಿದ ನಕಲಿ ಮಾಲು. ಅದಕ್ಕೆ ದುಬಾರಿ ಬೆಲೆ, ಅಗ್ಗದ ಕೆಲಸ. ಎರಡೂ ಕಡೆಯಿಂದ ಹೊಡೆತ.

ಜುಟ್ಟಿಗೆ ಮಲ್ಲಿಗೆ

ಈಗ ಅಸಲು ಪ್ರಶ್ನೆ. ದುಬಾರಿಯೋ ಅಗ್ಗವೋ, ಕಂಬಿ ಹಾಕಿದರೆ ಕಾರು ಎಷ್ಟು ಬದಲಾಗುತ್ತೆ?

ಈಗಿನ ಕಾರುಗಳಲ್ಲಿ ಗುಮ್ಮಟಗಳ ಹಿಂದೆಯೇ ಎಂಜಿನ್ನಿಗೂ ಸೀಟಿಗೂ ನಡುವಿನ ಅಡ್ಡಗೋಡೆ ಇರುತ್ತೆ. ಗುಮ್ಮಟ ಅದಕ್ಕೆ ಹತ್ತಿರವಿದ್ದಷ್ಟೂ ಅಲ್ಲಾಡುವುದು ಕಡಿಮೆ. ಅಲ್ಲಾಡದ ಜಾಗಕ್ಕೆ ಆಸರೆ ಕೊಟ್ಟು ಪ್ರಯೋಜನವೇನು? ರೇಸಿನ ಕಾರಿಗೆ, ಬಾಡಿ ಸಡಿಲಗೊಂಡ ಹಳೇ ಕಾರಿಗೆ ಒಂದಿಷ್ಟು ವ್ಯತ್ಯಾಸ ಕಂಡೀತು. ತೀರ್ಥಹಳ್ಳಿ ದಾಟಿ ಆಗುಂಬೆಯ 14 ತಿರುವು ಇಳಿದು ಉಡುಪಿಗೆ ಹೋಗುವ ಸಂಸಾರದ ಕಾರಿಗೆ ಬೇಕಾದ್ದು ಬೇರೆ.

ಮಳೆ ನೀರು ಹರಿಯುವ ತಿರುವಿನಲ್ಲಿ ಕಾರನ್ನು ರಸ್ತೆಗೆ ಹಿಡಿಯುವುದು ಟೈರು. ಕಾರಿನ ಟೈರಿನ ಅಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಅಂತ ಕಾನೂನೇ ಹೇಳುತ್ತೆ. ಅಚ್ಚಿನ ಕಾಲುವೆಯೊಳಗೆ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಕಥೆ ಮುಗಿಯಿತು ಅಂತ ಅರ್ಥ. ಟೈರು ಬೋಳು, ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರಿಕೆ, ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿದೆ, ಬಾನೆಟ್ ಒಳಗೆ ಮಾತ್ರ ಕೆಂಪು ಕಂಬಿ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ ತಾನೆ? ಎರಡು ಕಂಬಿಗಳ ಬೆಲೆಯ ಅಂತರದಲ್ಲಿ ಸಣ್ಣ ಕಾರಿಗೆ ಎರಡು ಹೊಸ ಟೈರು ಬರುತ್ತವೆ.

ಹೆದರಿಕೆ ಇರುವುದು ಇಲ್ಲೇ. ಹನ್ನೆರಡು ಸಾವಿರ ಕೊಟ್ಟವನಿಗೆ ಕಾರು ಬದಲಾಗಿದೆ ಅಂತ ಅನ್ನಿಸಲೇಬೇಕು, ಇಲ್ಲದಿದ್ದರೆ ಮನಸ್ಸು ಒಪ್ಪುವುದಿಲ್ಲ. ಅನ್ನಿಸಿದ ಮೇಲೆ ಕಾಲು ಆಕ್ಸಿಲರೇಟರ್ ಮೇಲೆ ಒಂದಿಷ್ಟು ಜಾಸ್ತಿ ಊರುತ್ತೆ. ಎದುರಿಗೆ ಬರುವ ಬಸ್ಸಿಗೆ ಆತ ಕೊಟ್ಟ ಬೆಲೆ ಗೊತ್ತಿಲ್ಲ, ಅವನ ಟೈರು ಎಷ್ಟು ಸವೆದಿದೆ ಅನ್ನುವುದೂ ಗೊತ್ತಿಲ್ಲ.

ಅನ್ನಿಸಿಕೆಯೋ ನಿಜವೋ ಪರೀಕ್ಷಿಸಲು ಖರ್ಚಿಲ್ಲದ ದಾರಿಯಿದೆ. ಕಂಬಿಯನ್ನು ಹಾಕುವುದೋ ಬಿಚ್ಚುವುದೋ ಗೆಳೆಯನಿಗೆ ಬಿಡಿ, ಏನು ಮಾಡಿದ ಅಂತ ಹೇಳಬಾರದು. ಬಾನೆಟ್ ತೆಗೆಯದೆ ಅದೇ ರಸ್ತೆಯಲ್ಲಿ, ಅದೇ ಸಾವಕಾಶ ವೇಗದಲ್ಲಿ ಓಡಿಸಿ, ಕಂಬಿ ಇದೆಯೋ ಇಲ್ಲವೋ ಹೇಳಿ. ಹತ್ತು ಸಲ ಮಾಡಿ. ಹತ್ತರಲ್ಲಿ ಐದು ಸರಿ ಬಂದರೆ ನಾಣ್ಯ ಚಿಮ್ಮಿಸಿದರೂ ಅಷ್ಟೇ ಬರುತ್ತಿತ್ತು.

ಕಾನೂನಿನ ಮಾತು

ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿ ಹಿಡಿಯಿತು. ಬೋಲ್ಟು ಬಿಚ್ಚಿದರೆ ಬರುವ ಕಂಬಿ ಮಾರ್ಪಾಡು ಹೇಗಾಗುತ್ತೆ ಅಂತ ವಾದ ಮಾಡಬಹುದು. ಆದರೆ ವಾದ ಮಾಡುವ ಜಾಗ ಅಪಘಾತ ಆದ ಮೇಲಿನ ಇನ್ಶೂರೆನ್ಸ್ ಕಚೇರಿ ಆಗಬಾರದು. ಹಾಕಿಸುವ ಮೊದಲೇ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವುದು ಮೇಲು. ಬಾಡಿ ಕೊರೆದು, ವೆಲ್ಡ್ ಮಾಡಿ ಕೂರಿಸುತ್ತೇನೆ ಅನ್ನುವವನ ಹತ್ತಿರ ಕಾರು ಬಿಡುವುದೇ ಬೇಡ.

ಹಾಗಾದರೆ ಕೌಂಟರಿನ ಮುಂದೆ ನಿಂತ ಹುಡುಗ ಏನು ಮಾಡಬೇಕು? ಮೊದಲು ಟೈರು, ಬ್ರೇಕು, ಶಾಕ್ ಅಬ್ಸಾರ್ಬರು, ಬುಷ್ಷು, ಅಲೈನ್‌ಮೆಂಟು. ಇಷ್ಟೂ ಸರಿಯಿದ್ದು, ಕೈಯಲ್ಲಿ ಕಾಸು ಉಳಿದು, ಆಸೆಯೂ ಉಳಿದಿದ್ದರೆ ಆಗ ಕಂಬಿ. ಆಗಲೂ "ಯಾವ ಬ್ರ್ಯಾಂಡಣ್ಣ?" ಅಂತ ಕೇಳಬಾರದು. "ನಮ್ಮ ಕಾರಿಗೇ ಅಳತೆ ಮಾಡಿದ್ದಾ? ನೆಟ್ಟಗಿದೆಯಾ? ತುದಿ ಪಟ್ಟಿ ಎಷ್ಟು ದಪ್ಪ? ತೂತು ಸರಿ ಕೂರದಿದ್ದರೆ ವಾಪಸು ತಗೊಳ್ತೀರಾ?" ಅಂತ ಕೇಳಬೇಕು.

ಈ ನಾಲ್ಕಕ್ಕೂ ನೇರ ಉತ್ತರ ಕೊಡುವ ಅಂಗಡಿಯವನ ಹತ್ತಿರ ಎರಡೂವರೆ ಸಾವಿರದ್ದೂ ಒಳ್ಳೇ ಮಾಲೇ. ಉತ್ತರ ಕೊಡದವನ ಹತ್ತಿರ ಹನ್ನೆರಡು ಸಾವಿರದ್ದೂ ಬರೀ ಬಣ್ಣದ ಕಂಬಿಯೇ.